ಕನ್ಫ್ಯೂಷಿಯಸ್ ಹೇಳಿದ ‘ಶಿನ್’: ನಂಬಿಕೆ, ನಡತೆ, ಮನಸ್ಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಹಳೆಯ ಗುರು ಕನ್ಫ್ಯೂಷಿಯಸ್ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗುವುದು ಬೆಳಗ್ಗೆ ವಾಟ್ಸಾಪ್‌ಗೆ ಬರುವ ಹೂವಿನ ಚಿತ್ರದ ನುಡಿಮುತ್ತು. ಅದರಲ್ಲಿ ಎಷ್ಟೋ ಅವನು ಹೇಳಿದ್ದೇ ಅಲ್ಲ. ಹೇಳಿದ್ದು ಅದಕ್ಕಿಂತ ಜಾಸ್ತಿ ಖಾರವಾಗಿದೆ, ಮಜವಾಗಿಯೂ ಇದೆ. ನಂಬಿಕೆಯ ಬಗ್ಗೆ ಅವನು, ಅವನ ಹಿಂದೆ ಬಂದವರು ಏನು ಹೇಳಿದರು ಅಂತ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ‘ಲುನ್ಯು 2.22’ ಅಂತ ಕಂಡರೆ ಅವನ ಮಾತುಗಳ ಸಂಗ್ರಹದ ಎರಡನೇ ಅಧ್ಯಾಯದ 22ನೇ ಮಾತು ಅಂತ ಅರ್ಥ. ಮುದ್ರಣದಿಂದ ಮುದ್ರಣಕ್ಕೆ ಒಂದೆರಡು ಅಂಕಿ ಆಚೀಚೆ ಆಗುತ್ತದೆ.

ಮೊದಲು ಇದು ಹೇಳಿ, ಯಾವ ಕಾಲದ ಮಾತು ಇದು?

ಕನ್ಫ್ಯೂಷಿಯಸ್ ಬದುಕಿದ್ದು ಕ್ರಿ.ಪೂ. 551ರಿಂದ 479ರವರೆಗೆ. ಊರು ಈಗಿನ ಶಾನ್‌ಡಾಂಗ್ ಪ್ರಾಂತ್ಯದ ಚುಫು. ಆಗ ಅದು ಲು ಅನ್ನುವ ಪುಟ್ಟ ರಾಜ್ಯದಲ್ಲಿತ್ತು. ಅವನ ಮಾತುಗಳನ್ನು ಶಿಷ್ಯರು, ಶಿಷ್ಯರ ಶಿಷ್ಯರು ಕೂಡಿಸಿಟ್ಟದ್ದೇ ‘ಲುನ್ಯು’. 20 ಅಧ್ಯಾಯ, ಎಲ್ಲ ತುಂಡು ತುಂಡು ಮಾತು.

ಅದು ರಾಜರು ಬಲಿಪ್ರಾಣಿಯ ರಕ್ತವನ್ನು ತುಟಿಗೆ ಸವರಿಕೊಂಡು ಆಣೆ ಇಡುತ್ತಿದ್ದ ಕಾಲ. ಆ ಆಣೆಯನ್ನು ಅನುಕೂಲ ನೋಡಿ ಮುರಿಯುತ್ತಲೂ ಇದ್ದರು. ಅವನಿಗೆ ನಂಬಿಕೆ ಅಷ್ಟು ದೊಡ್ಡ ವಿಷಯ ಆಗಿದ್ದು ಸುಮ್ನೆ ಅಲ್ಲ.

‘ಶಿನ್’ ಅಂದರೆ ನಂಬಿಕೆ ತಾನೇ? ಅದಕ್ಕೆ ಬೇರೆ ಪದ ಯಾಕೆ?

ಅರ್ಧ ಸರಿ. ನಾವು ‘ನಂಬಿಕೆ’ ಅಂದಾಗ ಸಾಮಾನ್ಯವಾಗಿ ನಾನು ಇನ್ನೊಬ್ಬರ ಮೇಲೆ ಇಡುವುದರ ಬಗ್ಗೆ ಮಾತಾಡುತ್ತೇವೆ. ಶಿನ್ ವಾಲುವುದು ಇನ್ನೊಂದು ಕಡೆಗೆ. ಬೇರೆಯವರು ನನ್ನನ್ನು ನಂಬಬಹುದು ಅನ್ನುವ ಹಾಗೆ ನಾನು ಇರುವುದು. ‘ನಂಬಿಕಸ್ಥ’ ಅಂತೀವಲ್ಲ, ಆ ಗುಣ. ನಂಬುವುದು ಅನ್ನುವ ಅರ್ಥವೂ ಅದೇ ಪದಕ್ಕಿದೆ.

ಆ ಅಕ್ಷರ ಬರೆಯುವಾಗ ಎಡಕ್ಕೆ ಮನುಷ್ಯ, ಬಲಕ್ಕೆ ‘ಮಾತು’. ತನ್ನ ಮಾತಿನ ಪಕ್ಕದಲ್ಲೇ ನಿಂತ ಮನುಷ್ಯ ಅಂತ ನಾನು ಓದಿಕೊಳ್ಳುತ್ತೇನೆ. ಇವತ್ತಿಗೂ ಚೀನಿ ಭಾಷೆಯಲ್ಲಿ ಕಾಗದಪತ್ರಕ್ಕೆ ಶಿನ್ ಅನ್ನುತ್ತಾರೆ, ಕ್ರೆಡಿಟ್ ಕಾರ್ಡಿಗೆ ‘ಶಿನ್‌ಯೊಂಗ್ ಕಾ’ ಅನ್ನುತ್ತಾರೆ. ನಾವು ವೀಚಾಟ್ ಅನ್ನುವ ಆ್ಯಪ್‌ನ ಅಲ್ಲಿನ ಹೆಸರು ‘ವೇಯ್‌ಶಿನ್’. ಪದ ಇನ್ನೂ ದಿನಾ ದುಡಿಯುತ್ತಿದೆ.

ಗಾಡಿಯ ಗೂಟದ ಮಾತು ಕೇಳಿದ್ದೇನೆ. ಏನದು?

ಲುನ್ಯು 2.22. “ಶಿನ್ ಇಲ್ಲದ ಮನುಷ್ಯ ಯಾವುದಕ್ಕೆ ಆಗುತ್ತಾನೋ ನನಗೆ ಗೊತ್ತಿಲ್ಲ. ದೊಡ್ಡ ಗಾಡಿಗೆ ‘ನಿ’ ಇಲ್ಲ, ಚಿಕ್ಕ ಗಾಡಿಗೆ ‘ಯುಎ’ ಇಲ್ಲ ಅಂದರೆ ಅದು ಹೋಗುವುದಾದರೂ ಹೇಗೆ?”

ದೊಡ್ಡ ಗಾಡಿ ಅಂದರೆ ಎತ್ತಿನದು, ಚಿಕ್ಕದು ಕುದುರೆಯದು. ‘ನಿ’, ‘ಯುಎ’ ಎರಡೂ ಗೂಟಗಳು. ಗಾಡಿಯ ಮೂಕಿಯನ್ನೂ ಮುಂದಿನ ಅಡ್ಡಮರವನ್ನೂ ಕೂಡಿಸುವುದು ಇವೇ. ಎತ್ತು ಗಟ್ಟಿಯಾಗಿರಬಹುದು, ಚಕ್ರ ಹೊಸದಾಗಿರಬಹುದು. ಗೂಟ ಇಲ್ಲದಿದ್ದರೆ ಎತ್ತು ಮುಂದೆ ಹೋಗುತ್ತದೆ, ಗಾಡಿ ಅಲ್ಲೇ ನಿಂತಿರುತ್ತದೆ.

ನಮಗೆ ಇಲ್ಲಿ ಜೇಡರ ದಾಸಿಮಯ್ಯನ ಕಡೆಗೀಲು ನೆನಪಾಗುತ್ತದೆ. ಆದರೆ ಅದು ಬೇರೆ ಗೂಟ, ಚಕ್ರ ಕಳಚಿ ಬೀಳದ ಹಾಗೆ ತಡೆಯುವ ಕಡಾಣಿ. ಅದು ತಪ್ಪಿದರೆ ಗಾಡಿ ಮಗುಚುತ್ತದೆ. ಕನ್ಫ್ಯೂಷಿಯಸ್ ಹೇಳುವ ಗೂಟ ಎಳೆಯುವವನಿಗೂ ಎಳೆಸಿಕೊಳ್ಳುವುದಕ್ಕೂ ನಡುವಿನದು. ಇಬ್ಬರ ನಡುವೆ ಇರುವ ವಸ್ತು. ಈ ಸಣ್ಣ ವ್ಯತ್ಯಾಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಒಬ್ಬನೇ ಕೋಣೆಯಲ್ಲಿ ಕೂತು ಪ್ರಾಮಾಣಿಕನಾಗಿರಬಹುದು. ಶಿನ್‌ಗೆ ಮಾತ್ರ ಎದುರಿಗೊಬ್ಬರು ಬೇಕು.

ಊಟಕ್ಕಿಂತ ನಂಬಿಕೆ ಮುಖ್ಯ ಅಂದನಂತೆ? ಹಸಿದವರಿಗೆ ಹೇಳುವ ಮಾತಾ ಇದು?

ವ್ಯಾಪಾರದಲ್ಲಿ ಪಳಗಿದ ಶಿಷ್ಯ ಝಿಗೊಂಗ್ ಕೇಳಿದ, ರಾಜ್ಯ ನಡೆಸಲು ಏನು ಬೇಕು ಅಂತ. “ಸಾಕಷ್ಟು ಊಟ, ಸಾಕಷ್ಟು ಸೇನೆ, ಜನರ ನಂಬಿಕೆ.” ಗತಿಯಿಲ್ಲದೆ ಒಂದನ್ನು ಬಿಡಬೇಕಾದರೆ? “ಸೇನೆ ಬಿಡು.” ಉಳಿದ ಎರಡರಲ್ಲಿ? “ಊಟ ಬಿಡು. ಸಾವು ಹಿಂದಿನಿಂದಲೂ ಎಲ್ಲರಿಗೂ ಇದ್ದದ್ದೇ. ನಂಬಿಕೆ ಇಲ್ಲದಿದ್ದರೆ ಜನ ನಿಲ್ಲಲಾರರು.” (12.7)

ಮೊದಲ ಸಲ ಓದಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ಇದು ಹಸಿದವರಿಗೆ ಹೇಳಿದ್ದಲ್ಲ. ಆಳುವವನು ಏನನ್ನು ಕೊನೆಯವರೆಗೆ ಹಿಡಿದಿರಬೇಕು ಅನ್ನುವುದಕ್ಕೆ ಕೊಟ್ಟ ಉತ್ತರ. ಜನರ ಹೊಟ್ಟೆಯ ಬಗ್ಗೆ ಅವನಿಗೆ ಅಸಡ್ಡೆ ಇರಲಿಲ್ಲ. ವೇಯ್ ರಾಜ್ಯಕ್ಕೆ ಹೋದಾಗ “ಎಷ್ಟು ಜನ ಇದ್ದಾರಪ್ಪ” ಅಂದ. ಇವರಿಗೆ ಏನು ಮಾಡಬೇಕು ಅಂತ ಗಾಡಿ ಹೊಡೆಯುತ್ತಿದ್ದ ಶಿಷ್ಯ ಕೇಳಿದ್ದಕ್ಕೆ ಮೊದಲ ಉತ್ತರ “ಕೈಯಲ್ಲಿ ಕಾಸು ಆಡುವ ಹಾಗೆ ಮಾಡು”, ಆಮೇಲೆ “ಪಾಠ ಹೇಳು” (13.9).

ಬ್ಯಾಂಕ್ ಮುಳುಗುತ್ತದೆ ಅಂತ ಗಾಳಿಸುದ್ದಿ ಹಬ್ಬಿದ ದಿನ ಬಾಗಿಲ ಮುಂದೆ ಕ್ಯೂ ನಿಲ್ಲುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಚೆನ್ನಾಗಿದ್ದ ಬ್ಯಾಂಕ್ ಸಂಜೆಗೆ ನಿಜವಾಗಿಯೂ ಮುಳುಗಬಹುದು. ದಾಸ್ತಾನು ಇದ್ದೂ ಜನ ನಿಲ್ಲಲಾರದ ಸ್ಥಿತಿ ಅದು.

ಹಾಗಾದರೆ ಕೊಟ್ಟ ಮಾತನ್ನು ಏನೇ ಆದರೂ ಉಳಿಸಿಕೊಳ್ಳಬೇಕು. ಸತ್ಯಹರಿಶ್ಚಂದ್ರನ ಹಾಗೆ. ಅಲ್ವಾ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ನಾವು ಹರಿಶ್ಚಂದ್ರನ ಕಥೆ ಕೇಳುತ್ತಾ ಬೆಳೆದವರು. ಹೆಂಡತಿ ಮಕ್ಕಳನ್ನು ಮಾರಿಯಾದರೂ ಮಾತು ಉಳಿಸುವುದು ನಮಗೆ ದೊಡ್ಡದಾಗಿ ಕಾಣುತ್ತದೆ. ಕನ್ಫ್ಯೂಷಿಯಸ್ ಅದಕ್ಕೆ ಕೈ ಮುಗಿಯುತ್ತಿದ್ದ ಅಂತ ನನಗೆ ಅನ್ನಿಸುವುದಿಲ್ಲ.

ಎಂಥವನನ್ನು ಯೋಗ್ಯ ಅನ್ನಬಹುದು ಅಂತ ಅದೇ ಝಿಗೊಂಗ್ ಕೇಳಿದ. ಮೊದಲ ಸ್ಥಾನ, ನಾಚಿಕೆ ಅನ್ನುವುದು ಇದ್ದು ಹೊರಿಸಿದ ಕೆಲಸಕ್ಕೆ ಕೆಟ್ಟ ಹೆಸರು ತರದವನಿಗೆ. ಎರಡನೆಯದು, ಮನೆಯವರೂ ಊರಿನವರೂ ಹೊಗಳುವವನಿಗೆ. “ಆಡಿದ ಮಾತನ್ನು ನಡೆಸಿಯೇ ತೀರುವವನು, ಹಿಡಿದ ಕೆಲಸ ಮುಗಿಸಿಯೇ ಬಿಡುವವನು” ಬರುವುದು ಮೂರನೆಯ ಸ್ಥಾನದಲ್ಲಿ. ಅದೂ ಒಂದು ಚುಚ್ಚುಮಾತಿನ ಜೊತೆಗೆ: ಕಲ್ಲಿಗೆ ಕಲ್ಲು ಬಡಿದ ಹಾಗೆ ಇರುವ ಸಣ್ಣ ಮನುಷ್ಯ, ಆದರೂ ಪರವಾಗಿಲ್ಲ (13.20). ಈಗಿನ ಅಧಿಕಾರಿಗಳು ಹೇಗೆ ಅಂತ ಕೇಳಿದ್ದಕ್ಕೆ, ಥೂ, ಸೇರು ಪಾವಿನ ಲೆಕ್ಕದವರು, ಎಣಿಕೆಗೇ ಬರುವುದಿಲ್ಲ ಅಂದ.

ವೇಯ್‌ಶೆಂಗ್ ಅನ್ನುವವನ ಹಳೆಯ ಕಥೆ ಒಂದಿದೆ. ಸೇತುವೆ ಕೆಳಗೆ ಸಿಗುತ್ತೇನೆ ಅಂತ ಒಬ್ಬ ಹೆಂಗಸಿಗೆ ಮಾತು ಕೊಟ್ಟಿದ್ದ. ಅವಳು ಬರಲಿಲ್ಲ, ನೀರು ಏರಿತು. ಮೇಲೆ ಹೋಗಿ ದಡದಲ್ಲಿ ಕಾಯಬಹುದಿತ್ತು. ಇವನು ಸೇತುವೆಯ ಕಂಬ ತಬ್ಬಿಕೊಂಡು ಅಲ್ಲೇ ಮುಳುಗಿ ಸತ್ತ. ಇದನ್ನು ಗೇಲಿ ಮಾಡಿ ಹೇಳಿದ್ದು ಕನ್ಫ್ಯೂಷಿಯಸ್‌ನ ಕಡೆಯವರಲ್ಲ, ಝುವಾಂಗ್‌ಝಿಯ ಹೆಸರಿನ, ದಾವೋ ಅನ್ನುವ ಬೇರೆ ಪಂಥದ ಗ್ರಂಥ. ಆದರೆ ಹಾಗೆ ಸಾಯಿ ಅಂತ ಲುನ್ಯುವಿನಲ್ಲೂ ಎಲ್ಲೂ ಇಲ್ಲ. ಕನ್ಫ್ಯೂಷಿಯಸ್‌ನ ದಾರಿಯಲ್ಲೇ ಆಮೇಲೆ ಬಂದ ಚಿಂತಕ ಮೆನ್ಷಿಯಸ್ ಅಂತೂ ನೇರವಾಗಿ ಹೇಳಿಬಿಡುತ್ತಾನೆ, ದೊಡ್ಡ ಮನುಷ್ಯನ ಮಾತು ಪ್ರತಿ ಸಲ ಅಕ್ಷರಶಃ ನಡೆಯಲೇಬೇಕೆಂದಿಲ್ಲ, ನ್ಯಾಯ ಎಲ್ಲಿದೆಯೋ ಅಲ್ಲಿ ಅವನಿರುತ್ತಾನೆ ಅಂತ.

ಗುರುವೇ ಒಮ್ಮೆ ಆಣೆ ಮುರಿದಿದ್ದಾನೆ. ಇತಿಹಾಸಕಾರ ಸಿಮಾ ಚಿಯಾನ್ ಬರೆದ ಪ್ರಕಾರ ಪು ಅನ್ನುವ ಊರಿನಲ್ಲಿ ಜನ ಅವನನ್ನು ಮುತ್ತಿಗೆ ಹಾಕಿದರು. ವೇಯ್ ರಾಜಧಾನಿಗೆ ಹೋಗುವುದಿಲ್ಲ ಅಂತ ಆಣೆ ಮಾಡಿಸಿ, ಪೂರ್ವದ ಬಾಗಿಲಿನಿಂದ ಬಿಟ್ಟರು. ಅವನು ಹೊರಗೆ ಬಂದವನೇ ವೇಯ್ ಕಡೆಗೆ ಹೊರಟ. ಝಿಗೊಂಗ್ ಗಾಬರಿಯಾಗಿ, “ಗುರುಗಳೇ, ಆಣೆ ಮುರಿಯಬಹುದೇ?” ಅಂದ. “ಬಲವಂತದ ಆಣೆ ಅದು. ದೇವತೆಗಳು ಕೇಳಿಸಿಕೊಳ್ಳುವುದಿಲ್ಲ.”

ಇದು ತಪ್ಪಿಸಿಕೊಳ್ಳಲು ಒಳ್ಳೆ ದಾರಿ ಆಯ್ತಲ್ಲ! ಬೇಡ ಅನ್ನಿಸಿದಾಗ ‘ನ್ಯಾಯ ಬೇರೆ ಕಡೆ ಇತ್ತು’ ಅಂದರಾಯ್ತು.

ಈ ಅನುಮಾನ ಬರಬೇಕಾದದ್ದೇ. ಕನ್ಫ್ಯೂಷಿಯಸ್ ಕಡೆಯವರ ಉತ್ತರ: ಬೀಗ ಇರುವುದು ಮಾತು ಮುರಿಯುವ ಜಾಗದಲ್ಲಲ್ಲ, ಮಾತು ಕೊಡುವ ಜಾಗದಲ್ಲಿ. ಶಿಷ್ಯ ಯೌಝಿ ಹೇಳುತ್ತಾನೆ, ಕೊಡುವ ಮಾತು ನ್ಯಾಯಕ್ಕೆ ಹತ್ತಿರ ಇದ್ದರೆ ಅದನ್ನು ಉಳಿಸಿಕೊಳ್ಳಲು ಆಗುತ್ತದೆ (1.13). ಹಿಂದಿನವರು ಸುಲಭಕ್ಕೆ ಬಾಯಿ ಬಿಡುತ್ತಿರಲಿಲ್ಲ, ನಡತೆ ಮಾತಿನಷ್ಟು ಉದ್ದ ಬರದಿದ್ದರೆ ಅನ್ನುವ ನಾಚಿಕೆ ಇತ್ತು ಅಂತ ಗುರುವಿನ ಮಾತು (4.22). ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಅಂತೀವಿ. ಝಿಗೊಂಗ್ ಅದನ್ನೇ ಅಲ್ಲಿ, ನಾಲ್ಕು ಕುದುರೆ ಕಟ್ಟಿದ ಗಾಡಿಯೂ ನಾಲಿಗೆಯನ್ನು ಹಿಡಿಯಲಾರದು ಅನ್ನುತ್ತಾನೆ (12.8).

ನಮ್ಮ ಮನೆಯ ಕಿಟಕಿ ಬಾಗಿಲು ಸರಿ ಮಾಡಲು ಒಬ್ಬರು ಬಡಗಿ ಮೂರು ವಾರ “ನಾಳೆ ಬೆಳಗ್ಗೆ ಬಂದೆ ಸಾರ್” ಅಂದರು. ಕೆಟ್ಟವರಲ್ಲ. ‘ಆಗಲ್ಲ’ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ ಅಷ್ಟೇ. ನನಗೂ ಆಫೀಸಿನಲ್ಲಿ ಬರುವುದಿಲ್ಲ. ಕನ್ಫ್ಯೂಷಿಯಸ್ ಇಬ್ಬರಿಗೂ ಬೈಯುತ್ತಿದ್ದದ್ದು ಬರದೇ ಇದ್ದದ್ದಕ್ಕಿಂತ ಜಾಸ್ತಿ ಆ ‘ನಾಳೆ’ಗೆ.

ಹಂದಿ ಕಡಿದ ಅಪ್ಪನ ಕಥೆ ನಿಜವಾ?

ನಡೆದದ್ದೋ ಇಲ್ಲವೋ, ಕಥೆ ಹಳೆಯದು. ಕನ್ಫ್ಯೂಷಿಯಸ್‌ನ ಶಿಷ್ಯ ಝೆಂಗ್‌ಝಿಯ ಹೆಂಡತಿ ಸಂತೆಗೆ ಹೊರಟಳು. ಮಗು ಸೆರಗು ಹಿಡಿದು ಅತ್ತಿತು. “ಮನೆಗೆ ಹೋಗು ಕಂದಾ, ಬಂದ ಮೇಲೆ ಹಂದಿ ಕಡಿದು ಅಡುಗೆ ಮಾಡ್ತೀನಿ” ಅಂದಳು. ವಾಪಸ್ ಬಂದು ನೋಡಿದರೆ ಗಂಡ ಹಂದಿ ಹಿಡಿಯುತ್ತಿದ್ದಾನೆ! “ಅಯ್ಯೋ, ಮಗುವಿಗೆ ಸುಮ್ನೆ ಹೇಳಿದ್ದು” ಅಂತ ತಡೆದಳು. “ಮಗುವಿನ ಹತ್ತಿರ ಸುಮ್ನೆ ಹೇಳುವುದು ಅಂತ ಇಲ್ಲ. ಅದು ಕಲಿಯುವುದು ಅಪ್ಪ ಅಮ್ಮನನ್ನು ನೋಡಿ. ಇವತ್ತು ಮೋಸ ಮಾಡಿದರೆ ಮೋಸ ಕಲಿಸಿದ ಹಾಗೆ” ಅಂದ. ಹಂದಿ ಒಲೆ ಮೇಲೆ ಹೋಯಿತು.

ಮಜಾ ಏನೆಂದರೆ ಈ ಕಥೆ ನಮಗೆ ಸಿಕ್ಕಿರುವುದು ಹಾನ್ ಫೇಯ್ ಅನ್ನುವವನ ಹೆಸರಿನ ಗ್ರಂಥದಲ್ಲಿ. ಅವನಿಗೆ ನಡತೆಗಿಂತ ಕಾನೂನು, ಬಹುಮಾನ, ಶಿಕ್ಷೆಗಳ ಮೇಲೆ ಭರವಸೆ ಜಾಸ್ತಿ. ಎದುರು ಪಾಳಯದ ಮನುಷ್ಯ!

ಇದಕ್ಕೆ ಹೊಂದುವ ಒಂದು ಪ್ರಯೋಗ 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂತು. ಮಕ್ಕಳ ಮುಂದೆ ಒಂದು ಮಾರ್ಷ್‌ಮ್ಯಾಲೊ ಮಿಠಾಯಿ ಇಟ್ಟು, ಈಗ ತಿನ್ನದೆ ಕಾದರೆ ಎರಡು ಕೊಡುತ್ತೇವೆ ಅನ್ನುವ ಹಳೆಯ ಆಟ ಗೊತ್ತಲ್ಲ? ಇವರು ಅದಕ್ಕೆ ಮುಂಚೆ ಇನ್ನೊಂದು ಮಾಡಿದರು. 28 ಮಕ್ಕಳಿಗೂ ‘ಒಳ್ಳೆ ಬಣ್ಣದ ಪೆನ್ಸಿಲ್ ತರ್ತೀನಿ’ ಅನ್ನುವ ಥರದ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದ ಅರ್ಧಕ್ಕೆ, ‘ಸಾರಿ, ಇಲ್ಲ’ ಅಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿದ ಗುಂಪಿನ 14 ಮಕ್ಕಳಲ್ಲಿ 9 ಪೂರ್ತಿ 15 ನಿಮಿಷ ಕಾದವು. ಮಾತು ತಪ್ಪಿದ ಗುಂಪಿನಲ್ಲಿ ಒಂದೇ ಒಂದು. ಮಕ್ಕಳಿಗೆ ತಾಳ್ಮೆ ಇಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅವಕ್ಕೆ ನಮ್ಮ ಮೇಲೆ ನಂಬಿಕೆ ಇರುವುದಿಲ್ಲ. ಸಣ್ಣ ಪ್ರಯೋಗ ಇದು, ಇದರ ಮೇಲೆ ಮನೆ ಕಟ್ಟಬೇಡಿ. ಆದರೆ ಝೆಂಗ್‌ಝಿಯ ಹಂದಿ ದುಬಾರಿ ಅಂತ ನಗುವ ಮುಂಚೆ ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಯಾರನ್ನು ನಂಬಬೇಕು ಅಂತ ತಿಳಿಯುವುದು ಹೇಗೆ? ಅದಕ್ಕೆ ಏನಾದರೂ ಹೇಳಿದ್ದಾನಾ?

ಹೇಳಿದ್ದಾನೆ, ತಾನು ಮೋಸ ಹೋದದ್ದನ್ನೂ ಸೇರಿಸಿ.

ಝೈ ಯು ಅನ್ನುವ ಶಿಷ್ಯ ಮಾತಿನ ಮಲ್ಲ. ಒಂದು ದಿನ ಹಗಲಲ್ಲೇ ಮಲಗಿದ್ದ. ಗುರುವಿಗೆ ಕೋಪ ಬಂತು: ಕೊಳೆತ ಮರವನ್ನು ಕೆತ್ತಲು ಆಗುವುದಿಲ್ಲ, ಸಗಣಿ ಗೋಡೆಗೆ ಗಿಲಾವು ನಿಲ್ಲುವುದಿಲ್ಲ. ಒಂದು ನಿದ್ದೆಗೆ ಇಷ್ಟಾ ಅನ್ನಿಸುತ್ತದೆ. ಮುಂದಿನ ಸಾಲು ಓದಿದರೆ ಕಾರಣ ತಿಳಿಯುತ್ತದೆ: “ಮೊದಲು ನಾನು ಜನರ ಮಾತು ಕೇಳಿ ಅವರ ನಡತೆಯನ್ನು ನಂಬುತ್ತಿದ್ದೆ. ಈಗ ಮಾತು ಕೇಳಿ ನಡತೆಯನ್ನು ನೋಡುತ್ತೇನೆ. ನನ್ನನ್ನು ಹೀಗೆ ಬದಲಾಯಿಸಿದವನು ಝೈ ಯು.” (5.10) ಸಿಟ್ಟು ಅರ್ಧ ತನ್ನ ಮೇಲೇ.

ಇನ್ನೊಬ್ಬ ಶಿಷ್ಯ ಝಿಯು ನೋಡಲು ಕುರೂಪಿ. ಇವನಿಂದ ಏನೂ ಆಗದು ಅಂದುಕೊಂಡಿದ್ದ ಗುರು. ಅವನು ಆಮೇಲೆ ನೂರಾರು ಶಿಷ್ಯರ ದೊಡ್ಡ ಹೆಸರಾದ. “ಮಾತು ನೋಡಿ ಅಳೆದು ಝೈ ಯು ವಿಷಯದಲ್ಲಿ ತಪ್ಪಿದೆ, ಮುಖ ನೋಡಿ ಅಳೆದು ಝಿಯು ವಿಷಯದಲ್ಲಿ ತಪ್ಪಿದೆ” ಅಂದನಂತೆ. ಈ ಮುಖದ ವಿಷಯವನ್ನು 2006ರಲ್ಲಿ ಪ್ರಿನ್ಸ್‌ಟನ್‌ನ ಜನೈನ್ ವಿಲ್ಲಿಸ್, ಅಲೆಕ್ಸಾಂಡರ್ ತೊದೊರೊವ್ ಪರೀಕ್ಷೆ ಮಾಡಿ ನೋಡಿದರು. ಅಪರಿಚಿತ ಮುಖವೊಂದನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಸಾಕು, ಇವರನ್ನು ನಂಬಬಹುದೋ ಬಾರದೋ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಜಾಸ್ತಿ ಹೊತ್ತು ಕೊಟ್ಟರೆ ತೀರ್ಮಾನ ಹೆಚ್ಚು ಬದಲಾಗುವುದಿಲ್ಲ, ಅದು ಸರಿ ಅನ್ನುವ ಧೈರ್ಯ ಮಾತ್ರ ಹೆಚ್ಚುತ್ತದೆ.

ಅವನ ಕೊನೆಯ ಸೂತ್ರ 2.10ರಲ್ಲಿದೆ. ಏನು ಮಾಡುತ್ತಾನೆ ನೋಡು. ಯಾವ ದಾರಿಯಲ್ಲಿ ಬಂದು ಮಾಡುತ್ತಾನೆ ನೋಡು. ಯಾವುದರಲ್ಲಿ ನೆಮ್ಮದಿಯಾಗಿರುತ್ತಾನೆ ನೋಡು. ಮನುಷ್ಯ ಎಲ್ಲಿ ತಾನೇ ಅಡಗಿಕೊಳ್ಳುತ್ತಾನೆ? ಮೂರನೆಯದು ನನಗೆ ಇಷ್ಟ. ಒಳ್ಳೆಯ ಕೆಲಸವನ್ನು ಹಲ್ಲು ಕಚ್ಚಿ ಮಾಡುವವರು ಇದ್ದಾರೆ, ಅದರಲ್ಲಿ ಹಾಯಾಗಿರುವವರೂ ಇದ್ದಾರೆ.

ಕಣ್ಣಾರೆ ಕಂಡರೆ ನಂಬಬಹುದಲ್ಲ?

ಅದಕ್ಕೂ ಒಂದು ಕಥೆ ಇದೆ. ‘ಲ್ಯುಶಿ ಚುನ್‌ಚಿಯು’ ಅನ್ನುವ ಹಳೆಯ ಸಂಗ್ರಹದಲ್ಲಿ ಬರುತ್ತದೆ.

ಚೆನ್, ಸಾಯ್ ರಾಜ್ಯಗಳ ನಡುವೆ ಗುರು ಶಿಷ್ಯರು ಸಿಕ್ಕಿಬಿದ್ದರು. ಏಳು ದಿನ ಅನ್ನದ ಮುಖ ಕಂಡಿರಲಿಲ್ಲ. ಯಾನ್ ಹುಯ್ ಎಲ್ಲಿಂದಲೋ ಅಕ್ಕಿ ತಂದು ಬೇಯಲು ಇಟ್ಟ. ಯಾನ್ ಹುಯ್ ಅಂದರೆ ಗುರುವಿನ ಅಚ್ಚುಮೆಚ್ಚು. ಅನ್ನ ಆಗುವ ಹೊತ್ತಿಗೆ ಕನ್ಫ್ಯೂಷಿಯಸ್ ದೂರದಿಂದ ನೋಡುತ್ತಾನೆ: ಯಾನ್ ಹುಯ್ ಪಾತ್ರೆಗೆ ಕೈ ಹಾಕಿ ಒಂದು ತುತ್ತು ಬಾಯಿಗೆ ಹಾಕಿಕೊಂಡ.

ಗುರು ನೋಡದವನ ಹಾಗೆ ಇದ್ದ. ಅನ್ನ ಮುಂದೆ ಬಂದಾಗ, “ಈಗ ಕನಸಿನಲ್ಲಿ ತೀರಿಹೋದ ನಮ್ಮ ತಂದೆ ಬಂದಿದ್ದರು. ಎಂಜಲಾಗದ ಅನ್ನ ಇದ್ದರೆ ಅವರಿಗೆ ಎಡೆ ಇಡಬೇಕು” ಅಂದ. ಎಂಥ ಬಲೆ ನೋಡಿ. ಯಾನ್ ಹುಯ್ ಹೇಳಿದ, “ಬೇಡಿ ಗುರುಗಳೇ. ಆಗ ಮಸಿ ಪಾತ್ರೆಗೆ ಬಿತ್ತು. ಅನ್ನ ಚೆಲ್ಲುವುದು ಒಳ್ಳೆಯದಲ್ಲ ಅಂತ ಆ ತುತ್ತನ್ನು ತೆಗೆದು ನಾನೇ ತಿಂದೆ.”

ಗುರು ನಿಟ್ಟುಸಿರು ಬಿಟ್ಟ. ನಂಬುವುದು ಕಣ್ಣನ್ನು, ಕಣ್ಣನ್ನೂ ನಂಬುವಂತಿಲ್ಲ. ನೆಚ್ಚುವುದು ಮನಸ್ಸನ್ನು, ಮನಸ್ಸೂ ಸಾಲದು. ಮನುಷ್ಯನನ್ನು ತಿಳಿಯುವುದು ಸುಲಭ ಅಲ್ಲ.

ಮನಶ್ಶಾಸ್ತ್ರದವರು ಇಲ್ಲಿ ನಡೆದದ್ದಕ್ಕೆ ಹೆಸರು ಇಟ್ಟಿದ್ದಾರೆ. ಇನ್ನೊಬ್ಬರ ಕೆಲಸ ಕಂಡ ಕೂಡಲೇ ಅದನ್ನು ಅವರ ಗುಣಕ್ಕೆ ಅಂಟಿಸುತ್ತೇವೆ, ಮಸಿ ಬಿದ್ದಿರಬಹುದು ಅನ್ನುವುದು ಹೊಳೆಯುವುದೇ ಇಲ್ಲ. 1977ರಲ್ಲಿ ಲೀ ರಾಸ್ ಇದನ್ನು ಗುಣಾರೋಪದ ಮೂಲ ತಪ್ಪು ಅಂತ ಕರೆದರು. ಮೈಕೆಲ್ ಮಾರಿಸ್, ಕೈಪಿಂಗ್ ಪೆಂಗ್ 1994ರಲ್ಲಿ ಒಂದೇ ಥರದ ಕೊಲೆ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆ, ಚೀನಿ ಪತ್ರಿಕೆ ಎರಡರಲ್ಲೂ ಓದಿ ಹೋಲಿಸಿದರು. ಇಂಗ್ಲಿಷ್ ವರದಿಗಳು ಕೊಲೆಗಾರನ ಸ್ವಭಾವದ ಮೇಲೆ ಹೆಚ್ಚು ಒತ್ತು ಕೊಟ್ಟಿದ್ದವು, ಚೀನಿ ವರದಿಗಳು ಅವನ ಸುತ್ತಲಿನ ಪರಿಸ್ಥಿತಿಯ ಮೇಲೆ. ಕನ್ಫ್ಯೂಷಿಯಸ್‌ನ ಪ್ರಭಾವ ಅಂತ ಥಟ್ಟನೆ ಹೇಳಿಬಿಡಲು ಆಗುವುದಿಲ್ಲ. ಆ ಗುರುವೇ ಅವತ್ತು ಪರಿಸ್ಥಿತಿ ಮರೆತಿದ್ದನಲ್ಲ!

ಹಾಗಾದರೆ ಎಲ್ಲರನ್ನೂ ಅನುಮಾನದಿಂದಲೇ ನೋಡಬೇಕಾ?

ಬೇಡ. ಮೋಸ ಮಾಡುತ್ತಾರೆ ಅಂತ ಮುಂಚೆಯೇ ಲೆಕ್ಕ ಹಾಕಬೇಡ, ಆದರೆ ಮೋಸ ಬಂದಾಗ ಎಲ್ಲರಿಗಿಂತ ಮೊದಲು ಗೊತ್ತಾಗಬೇಕು, ಹಾಗೆ ಗೊತ್ತಾಗುವವನೇ ಜಾಣ ಅನ್ನುತ್ತಾನೆ ಕನ್ಫ್ಯೂಷಿಯಸ್ (14.31). ಅವನ ಪರಂಪರೆಯಲ್ಲೇ ಆಮೇಲೆ ಬಂದ ಶುನ್‌ಝಿ ಇದಕ್ಕೊಂದು ತಿರುವು ಕೊಟ್ಟ: ನಂಬಬೇಕಾದವರನ್ನು ನಂಬುವುದೂ ಶಿನ್, ಅನುಮಾನ ಪಡಬೇಕಾದ್ದನ್ನು ಅನುಮಾನಿಸುವುದೂ ಶಿನ್.

‘ಗುಣ’ ಅನ್ನುವುದೇ ಇಲ್ಲ, ಎಲ್ಲ ಪರಿಸ್ಥಿತಿ ಅಂತ ಈಗಿನ ಮನಶ್ಶಾಸ್ತ್ರ ಹೇಳುತ್ತದಂತೆ. ಹಾಗಿದ್ದರೆ ಕನ್ಫ್ಯೂಷಿಯಸ್ ಕಥೆ ಮುಗಿಯಿತಾ?

ಹಾಗೆ ಹೇಳುವವರು ಇದ್ದಾರೆ. ಗಿಲ್ಬರ್ಟ್ ಹಾರ್ಮನ್, ಜಾನ್ ಡೋರಿಸ್ ಅನ್ನುವ ತತ್ತ್ವಶಾಸ್ತ್ರಜ್ಞರು 2000ದ ಆಸುಪಾಸಿನಲ್ಲಿ ಈ ವಾದವನ್ನು ಜೋರಾಗಿ ಮಂಡಿಸಿದರು. ಅವರು ಎತ್ತಿಕೊಳ್ಳುವ ಪ್ರಯೋಗಗಳಲ್ಲಿ ಒಂದು 1973ರದ್ದು, ಡಾರ್ಲಿ ಮತ್ತು ಬ್ಯಾಟ್ಸನ್ ಮಾಡಿದ್ದು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಮುದುಡಿಕೊಂಡು ಬಿದ್ದು ನರಳುತ್ತಿದ್ದ. ಸಮಯ ಇದೆ ಅಂತ ಹೇಳಿದ್ದವರಲ್ಲಿ ಶೇ. 63 ಜನ ನೆರವಿಗೆ ನಿಂತರು. ತಡವಾಯ್ತು, ಓಡು ಅಂತ ಹೇಳಿದ್ದವರಲ್ಲಿ ಶೇ. 10. ಕೆಲವರು ಕೊಡಬೇಕಿದ್ದ ಭಾಷಣದ ವಿಷಯವೇ ಬೈಬಲಿನ ದಯಾಳು ಸಮಾರ್ಯದವನ ಕಥೆ, ಅಂದರೆ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆ!

ಮಿಲ್‌ಗ್ರಾಂ ಪ್ರಯೋಗವೂ ಇದೇ ಸಾಲಿನದು. ಪ್ರಯೋಗ ನಡೆಸುವ ಕೋಟು ಹಾಕಿದವನು ಮುಂದುವರಿಸಿ ಅಂದ ಮಾತ್ರಕ್ಕೆ 40 ಜನರಲ್ಲಿ 26 ಮಂದಿ ಪಕ್ಕದ ಕೋಣೆಯವನಿಗೆ ಶಾಕ್ ಕೊಡಲು 450 ವೋಲ್ಟ್‌ವರೆಗೂ ಸ್ವಿಚ್ ಒತ್ತಿದ್ದರು. ಶಾಕ್ ನಿಜವಾಗಿರಲಿಲ್ಲ, ಅದು ಒತ್ತಿದವರಿಗೆ ಗೊತ್ತಿರಲಿಲ್ಲ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಪೆಟ್ಟು ಬೀಳುವುದು ‘ಗುಣವಂತ ಎಲ್ಲಿ ಬಿಟ್ಟರೂ ಗುಣವಂತ’ ಅನ್ನುವವರ ಮೇಲೆ. ಕನ್ಫ್ಯೂಷಿಯಸ್ ಕಡೆಯವರು ಹಾಗೆ ಅಂದುಕೊಂಡಿರಲೇ ಇಲ್ಲ. ಎರಿಕ್ ಹಟನ್, ಎಡ್ವರ್ಡ್ ಸ್ಲಿಂಗರ್‌ಲ್ಯಾಂಡ್ ಮುಂತಾದ ವಿದ್ವಾಂಸರು ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಮೆನ್ಷಿಯಸ್‌ನನ್ನೇ ನೋಡಿ. ಒಳ್ಳೆ ಬೆಳೆ ಬಂದ ವರ್ಷ ಹುಡುಗರು ನೆಟ್ಟಗಿರುತ್ತಾರೆ, ಬರಗಾಲದಲ್ಲಿ ಪುಂಡರಾಗುತ್ತಾರೆ, ಹುಟ್ಟುಗುಣ ಬೇರೆ ಅಂತಲ್ಲ ಅನ್ನುತ್ತಾನೆ. ಜನಕ್ಕೆ ನಿಲ್ಲುವ ಜೀವನೋಪಾಯ ಇಲ್ಲದಿದ್ದರೆ ನಿಲ್ಲುವ ಮನಸ್ಸೂ ಇರುವುದಿಲ್ಲ. ಹಾಗೆ ಬಿಟ್ಟು, ತಪ್ಪು ಮಾಡಿದ ಮೇಲೆ ಹಿಡಿದು ಶಿಕ್ಷಿಸುವುದು ಬಲೆ ಬೀಸಿದಂತೆ ಅಂತ ರಾಜನ ಮುಖಕ್ಕೇ ಹೇಳಿದ. ಅವನ ಅಮ್ಮ ಮಗನಿಗಾಗಿ ಮನೆ ಬದಲಾಯಿಸುತ್ತಾ ಹೋದ ಕಥೆ ಚೀನಾದಲ್ಲಿ ಮಕ್ಕಳಿಗೂ ಗೊತ್ತು. ಸ್ಮಶಾನದ ಪಕ್ಕ ಇದ್ದಾಗ ಹುಡುಗ ಹೆಣ ಹೂಳುವ ಆಟ ಆಡಿದ, ಸಂತೆಯ ಪಕ್ಕ ಹೋದಾಗ ವ್ಯಾಪಾರದ ಆಟ. ಶಾಲೆಯ ಪಕ್ಕ ಹೋದ ಮೇಲೆ ಅಮ್ಮ ಅಲ್ಲೇ ನಿಂತಳು.

ಅವರು ‘ಲಿ’ ಅನ್ನುವ ರೀತಿ ರಿವಾಜಿನ ಮೇಲೆ ಅಷ್ಟು ಹಟ ಹಿಡಿದದ್ದು ಇದೇ ಕಾರಣಕ್ಕೆ. ಹೇಗೆ ಕೂರಬೇಕು, ಹೇಗೆ ಬಾಗಬೇಕು, ಯಾವ ಸಂಗೀತ ಕೇಳಬೇಕು, ಯಾರ ಜೊತೆ ಸೇರಬೇಕು, ಎಲ್ಲ. ಗುಣ ಕೈಕೊಡುತ್ತದೆ ಅಂತ ಗೊತ್ತಿದ್ದವರು ಅದರ ಸುತ್ತ ಬೇಲಿ ಹಾಕಿದರು. ಆ ಬೇಲಿ ಎಷ್ಟೋ ಕಡೆ ಉಸಿರು ಕಟ್ಟಿಸಿತು ಅನ್ನುವುದೂ ನಿಜ, ಅದರಲ್ಲೂ ಹೆಂಗಸರಿಗೆ.

ಕುರಿ ಕದ್ದ ಅಪ್ಪನನ್ನು ಮುಚ್ಚಿಡು ಅಂದದ್ದು ಯಾವ ನ್ಯಾಯ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಶೆ ಪ್ರಾಂತ್ಯದ ದೊರೆ ಜಂಬದಿಂದ ಹೇಳಿದ: ನಮ್ಮಲ್ಲೊಬ್ಬ ಎಷ್ಟು ನೇರ ಅಂದರೆ ಅಪ್ಪ ಕುರಿ ಕದ್ದಾಗ ಮಗನೇ ಸಾಕ್ಷಿ ಹೇಳಿದ. ಕನ್ಫ್ಯೂಷಿಯಸ್ ಹೇಳಿದ: ನಮ್ಮಲ್ಲಿ ನೇರ ಅಂದರೆ ಬೇರೆ. ಅಪ್ಪ ಮಗನನ್ನು ಮರೆಮಾಡುತ್ತಾನೆ, ಮಗ ಅಪ್ಪನನ್ನು. ನೇರವಂತಿಕೆ ಅದರೊಳಗೇ ಇದೆ (13.18).

ಚೀನಾದ ವಿದ್ವಾಂಸರು ಈ ಒಂದು ಮಾತಿಗೆ ಇವತ್ತಿಗೂ ಜಗಳ ಆಡುತ್ತಾರೆ. ಸ್ವಜನಪಕ್ಷಪಾತದ ಬೇರು ಇಲ್ಲಿದೆ ಅನ್ನುವುದು ಒಂದು ಕಡೆಯವರ ವಾದ. ಮನೆಯೊಳಗೆ ನಂಬಿಕೆ ಕಲಿಯದವನು ಹೊರಗೆ ಎಲ್ಲಿಂದ ತರುತ್ತಾನೆ ಅನ್ನುವುದು ಇನ್ನೊಂದು ಕಡೆಯವರದು. ಮಗ ಸಾಕ್ಷಿ ಹೇಳದಿದ್ದರೆ ಸಾಕು, ಕುರಿಯನ್ನು ವಾಪಸ್ ಕೊಡಬಾರದು ಅಂತ ಎಲ್ಲೂ ಹೇಳಿಲ್ಲ. ನಾನಾಗಿದ್ದರೆ ರಾತ್ರಿ ಕುರಿಯನ್ನು ಅವರ ಕೊಟ್ಟಿಗೆಗೆ ಅಟ್ಟಿ ಬರುತ್ತಿದ್ದೆ. ಆದರೆ ಕುರಿ ಕಳೆದುಕೊಂಡವನ ಕಡೆಯಿಂದ ಯಾರೂ ಒಂದು ಮಾತೂ ಆಡುವುದಿಲ್ಲ, ಅದು ನನಗೆ ಈಗಲೂ ಕಸಿವಿಸಿ.

ಅಂದರೆ ಅಲ್ಲಿನವರು ನಮ್ಮವರು ಅಂದವರನ್ನು ಮಾತ್ರ ನಂಬುತ್ತಾರಾ?

ಸಮಾಜಶಾಸ್ತ್ರಜ್ಞ ಫೇಯ್ ಶಿಯಾಒತೊಂಗ್ 1940ರ ದಶಕದಲ್ಲೇ ಒಂದು ಚಿತ್ರ ಕೊಟ್ಟರು. ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ ಸಂಬಂಧ. ನಡುವೆ ನಾನು, ದೂರ ಹೋದಷ್ಟೂ ತೆಳು. ‘ಬಹುಪಾಲು ಜನರನ್ನು ನಂಬಬಹುದೇ’ ಅಂತ ಸರ್ವೇಯಲ್ಲಿ ಕೇಳಿದರೆ ಚೀನಾದಲ್ಲಿ ಹೌದು ಅನ್ನುವವರು ಬಹಳ. ಆದರೆ 2011ರಲ್ಲಿ ಯಾನ್ ಡೆಲ್‌ಹೇ ಮತ್ತು ಜೊತೆಗಾರರು ತೋರಿಸಿದ್ದು ಇದು: ಆ ‘ಬಹುಪಾಲು ಜನ’ ಅನ್ನುವ ವೃತ್ತವೇ ಕನ್ಫ್ಯೂಷಿಯಸ್ ಪರಂಪರೆಯ ದೇಶಗಳಲ್ಲಿ ಚಿಕ್ಕದು.

ಅಳೆಯುವ ಕೋಲೂ ಕೆಲವೊಮ್ಮೆ ಮೋಸ ಮಾಡುತ್ತದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ‘ಕಳೆದುಹೋದ’ ಪರ್ಸುಗಳನ್ನು ಹೋಟೆಲ್, ಬ್ಯಾಂಕ್, ಅಂಚೆ ಕಚೇರಿ ಮುಂತಾದ ಕಡೆ ಕೊಟ್ಟು ನೋಡಿದರು. ಮಾಲೀಕನಿಗೆ ಇಮೇಲ್ ಬಂದರೆ ಪ್ರಾಮಾಣಿಕತೆ. ಚೀನಾ ತೀರಾ ಕೆಳಗೆ ಬಂತು. ಅಲ್ಲಿ ದಿನನಿತ್ಯ ಇಮೇಲ್ ಬಳಸುವವರೇ ಕಡಿಮೆ ಅಂತ ಚೀನಿ ಸಂಶೋಧಕರು ಆಮೇಲೆ ಬೇರೆ ರೀತಿಯಲ್ಲೂ ಪರೀಕ್ಷಿಸಿದರು. ಪರ್ಸನ್ನು ಹಾಗೇ ಜೋಪಾನವಾಗಿ ಎತ್ತಿಟ್ಟವರು ಬಹಳ ಜನ ಇದ್ದರು, ಕೇಳಿಕೊಂಡು ಬರಲಿ ಅಂತ. ನಮ್ಮ ಕಿರಾಣಿ ಅಂಗಡಿಯಲ್ಲೂ ಮರೆತ ಛತ್ರಿಗೆ ಇದೇ ಪದ್ಧತಿ ತಾನೇ.

ಚೀನಾದ ಸೋಷಿಯಲ್ ಕ್ರೆಡಿಟ್ ವ್ಯವಸ್ಥೆ ಕನ್ಫ್ಯೂಷಿಯಸ್‌ನ ಮಾತನ್ನೇ ಜಾರಿ ಮಾಡಿದ್ದಾ?

ಜನ, ಕಂಪನಿಗಳು ಎಷ್ಟು ನಂಬಿಕಸ್ಥರು ಅಂತ ಸರ್ಕಾರ ದಾಖಲೆ ಇಟ್ಟು ಬಹುಮಾನ, ಶಿಕ್ಷೆ ಕೊಡುವ ವ್ಯವಸ್ಥೆ ಅದು. ಪದ ಅದೇ. 2014ರ ಸರ್ಕಾರಿ ಯೋಜನೆಯ ತುಂಬ ಶಿನ್ ಓಡಾಡುತ್ತದೆ. ಕೋರ್ಟಿನ ಆದೇಶ ಪಾಲಿಸದ ಸಾಲಗಾರರ ಪಟ್ಟಿಗೆ ಇಟ್ಟ ಹೆಸರೇ ‘ಶಿನ್ ಕಳೆದುಕೊಂಡವರು’. ಆದರೆ ಇದು ಹಾನ್ ಫೇಯ್‌ಗೆ ಹೆಚ್ಚು ಹಿಡಿಸುತ್ತಿತ್ತು. ಕಾಯಿದೆ, ಶಿಕ್ಷೆಯಿಂದ ನಡೆಸಿದರೆ ಜನ ತಪ್ಪಿಸಿಕೊಳ್ಳಲು ಕಲಿಯುತ್ತಾರೆ, ನಾಚಿಕೆ ಕಲಿಯುವುದಿಲ್ಲ ಅಂದವನು ಕನ್ಫ್ಯೂಷಿಯಸ್ (2.3).

ಆಫೀಸಿನಲ್ಲಿ ಉಪಯೋಗ ಆಗುವ ಹಾಗೆ ಏನಾದರೂ?

ಇದೆ. 19.10, ಶಿಷ್ಯ ಝಿಶಿಯಾನ ಮಾತು. ಮೊದಲು ನಂಬಿಕೆ ಗಳಿಸಿ, ಆಮೇಲೆ ದುಡಿಸು. ಇಲ್ಲದಿದ್ದರೆ ಕಾಟ ಕೊಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಮೊದಲು ನಂಬಿಕೆ ಗಳಿಸಿ, ಆಮೇಲೆ ಮೇಲಿನವನ ತಪ್ಪು ಹೇಳು. ಇಲ್ಲದಿದ್ದರೆ ಬೈಯುತ್ತಿದ್ದಾನೆ ಅಂದುಕೊಳ್ಳುತ್ತಾನೆ. ಅಪ್ರೈಸಲ್ ತಿಂಗಳಲ್ಲಿ ಇದನ್ನು ಎರಡು ಸಲ ಓದಿ.

ಬಾಯಿಬಿಟ್ಟು ಕೊಡದ ಮಾತಿಗೂ ಶಿನ್ ಇದೆಯಾ?

ಕ್ರಿ.ಪೂ. 544ರಲ್ಲಿ ವು ರಾಜ್ಯದ ರಾಜಕುಮಾರ ಜೀಝಾ ದೂತನಾಗಿ ಉತ್ತರಕ್ಕೆ ಹೊರಟ. ಆ ಪ್ರವಾಸದಲ್ಲಿ ಲು ರಾಜ್ಯಕ್ಕೂ ಬಂದಿದ್ದ. ಕನ್ಫ್ಯೂಷಿಯಸ್ ಆಗ ಅದೇ ರಾಜ್ಯದಲ್ಲಿ ಏಳು ವರ್ಷದ ಹುಡುಗ.

ದಾರಿಯಲ್ಲಿ ಶು ಅನ್ನುವ ಸಣ್ಣ ರಾಜ್ಯದ ದೊರೆಗೆ ಜೀಝಾನ ಸೊಂಟದ ಕತ್ತಿ ಬಹಳ ಹಿಡಿಸಿತು. ಕೇಳಲು ಸಂಕೋಚ, ಕೇಳಲಿಲ್ಲ. ಜೀಝಾನಿಗೆ ಅದು ಅರ್ಥವಾಯಿತು. ಆದರೆ ದೂತನಿಗೆ ಕತ್ತಿ ಇಲ್ಲದೆ ಮುಂದಿನ ರಾಜ್ಯಗಳಿಗೆ ಹೋಗುವಂತಿಲ್ಲ. ಬರುವಾಗ ಕೊಡೋಣ ಅಂತ ಮನಸ್ಸಿನಲ್ಲೇ ಅಂದುಕೊಂಡ, ಯಾರಿಗೂ ಹೇಳಲಿಲ್ಲ.

ವಾಪಸ್ ಬಂದಾಗ ದೊರೆ ತೀರಿಕೊಂಡಿದ್ದ. ಜೀಝಾ ಸಮಾಧಿಗೆ ಹೋಗಿ, ಕತ್ತಿ ಬಿಚ್ಚಿ, ಪಕ್ಕದ ಮರಕ್ಕೆ ತೂಗುಹಾಕಿದ. “ಅವರು ಸತ್ತುಹೋದರಲ್ಲ ಒಡೆಯಾ, ಇದು ಯಾರಿಗೆ?” ಅಂದ ಜೊತೆಯವನು. “ಹಾಗಲ್ಲ. ನನ್ನ ಮನಸ್ಸು ಆವತ್ತೇ ಕೊಟ್ಟಾಗಿದೆ. ಅವರು ಸತ್ತರು ಅಂತ ನನ್ನ ಮನಸ್ಸಿಗೆ ಮೋಸ ಮಾಡಲಾ?”

ಕಂಬ ತಬ್ಬಿದ ವೇಯ್‌ಶೆಂಗ್‌ಗೂ ಇವನಿಗೂ ಏನು ವ್ಯತ್ಯಾಸ ಅಂತ ಒಬ್ಬ ಗೆಳೆಯ ಕೇಳಿದ. ಇಬ್ಬರೂ ಬರದವರಿಗಾಗಿ ಮಾತು ಉಳಿಸಿಕೊಂಡವರೇ. ನನಗೆ ಹೊಳೆದದ್ದು ಇಷ್ಟು: ಜೀಝಾ ಮೊದಲು ದೂತನ ಕೆಲಸ ಮುಗಿಸಿ ಬಂದ. ಕತ್ತಿ ಬಿಚ್ಚಿದ್ದು ಆಮೇಲೆ.